ನಿಂತ ಬೈಕಿನಿಂದ ಪೆಟ್ರೋಲ್ ಸೋರುತ್ತಿದೆಯಾ?

ಪ್ರಶ್ನೆ: ನನ್ನದು ಹಳೆಯ ಕಾರ್ಬೊರೇಟರ್ ಬೈಕ್. ಓಡಿಸುವಾಗ ಏನೂ ತೊಂದರೆ ಇಲ್ಲ. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಇಂಜಿನ್ ಕೆಳಗೆ ಪೆಟ್ರೋಲ್ ಕಲೆ, ಜೊತೆಗೆ ಜೋರು ವಾಸನೆ. ಕಾರ್ಬೊರೇಟರ್ ತಳದಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲಿನ (ಬೌಲ್) ಗ್ಯಾಸ್ಕೆಟ್ ಹೊಸದು ಹಾಕಿಸಿದೆ. ಎರಡು ದಿನ ಸೋರುವುದು ನಿಂತಿತ್ತು, ಮತ್ತೆ ಶುರುವಾಯಿತು. ಕಾರ್ಬೊರೇಟರನ್ನೇ ಬದಲಾಯಿಸಬೇಕಾ?

ಉತ್ತರ: ಬೇಡ, ಸುಮ್ನೆ ದುಡ್ಡು ಹಾಕಬೇಡಿ. ಅದಕ್ಕಿಂತ ಮೊದಲು ಇಂಜಿನ್ ಆಯಿಲ್ ನೋಡಿ. ಆಯಿಲ್ ಮುಚ್ಚಳ ತೆಗೆದು ಮೂಸಿ. ಪೆಟ್ರೋಲ್ ವಾಸನೆ ಬಂದರೆ, ಅಥವಾ ಆಯಿಲ್ ಮಟ್ಟ ತಾನಾಗಿಯೇ ಏರಿದ್ದರೆ, ದಯವಿಟ್ಟು ಕಿಕ್ ಹೊಡೆಯಬೇಡಿ. ನೆಲಕ್ಕೆ ಬಿದ್ದದ್ದು ಕಣ್ಣಿಗೆ ಕಾಣುತ್ತದೆ, ಆದರೆ ಸಿಲಿಂಡರ್‌ಗೆ ಇಳಿದ ಪೆಟ್ರೋಲ್ ಪಿಸ್ಟನ್ ರಿಂಗ್ ಸಂದಿಯಲ್ಲಿ ಜಾರಿ ಆಯಿಲ್ ಸೇರುವುದು ಯಾರಿಗೂ ಕಾಣುವುದಿಲ್ಲ. ತೆಳ್ಳಗಾದ ಆಯಿಲ್‌ನಲ್ಲಿ ಓಡಿಸಿದರೆ ಬೇರಿಂಗ್‌ಗಳು ಸವೆದು ಹೋಗುತ್ತವೆ.

ಈಗ ಸೋರುವ ಜಾಗ ಹುಡುಕೋಣ. ತೊಟ್ಟಿಕ್ಕುವ ಜಾಗವೇ ಸೋರುವ ಜಾಗ ಅಂದುಕೊಳ್ಳಬೇಡಿ, ಪೆಟ್ರೋಲ್ ಪೈಪ್ ಹಿಡಿದು ಇಳಿದು ಎಲ್ಲೋ ಕೆಳಗೆ ಬೀಳುತ್ತದೆ. ಇಂಜಿನ್ ತಣ್ಣಗಾದ ಮೇಲೆ, ಗಾಳಿಯಾಡುವ ಕಡೆ, ಹತ್ತಿರದಲ್ಲಿ ಬೆಂಕಿ, ಬೀಡಿ ಏನೂ ಇಲ್ಲದಂತೆ ನೋಡಿಕೊಂಡು ಕಾರ್ಬೊರೇಟರ್, ಪೈಪ್, ಟ್ಯಾಂಕ್ ಕೆಳಗಿನ ಪೆಟ್ರೋಲ್ ಕಾಕ್ ಎಲ್ಲವನ್ನೂ ಒಣಬಟ್ಟೆಯಲ್ಲಿ ಒರೆಸಿ. ಮೇಲೆ ಸ್ವಲ್ಪ ಸೀಮೆಸುಣ್ಣದ ಪುಡಿ ಉದುರಿಸಿ, ಕಾಕ್ ಆನ್ ಮಾಡಿ, ಟಾರ್ಚ್ ಹಿಡಿದು ಕಾಯಿರಿ. ಬಿಳಿ ಪುಡಿಯಲ್ಲಿ ಮೊದಲು ಒದ್ದೆಯಾಗುವ ಗೆರೆಯೇ ಉತ್ತರ. ಒಂದು ರಾತ್ರಿ ಕಾಕ್ ಆಫ್ ಮಾಡಿಯೂ ನೋಡಿ. ಆಗಲೂ ಒದ್ದೆ ಇದ್ದರೆ ಕಾಕ್‌ನ ರಬ್ಬರ್ ಹೋಗಿರಬಹುದು.

ನೀವು ಹೇಳಿದ್ದು ಓದಿದರೆ ನನಗೆ ಅನುಮಾನ ಜಾಸ್ತಿ ಇರುವುದು ಫ್ಲೋಟ್ ನೀಡಲ್ ಮೇಲೆ. ಬೌಲ್ ತುಂಬಿದಾಗ ಅದರಲ್ಲಿ ತೇಲುವ ಫ್ಲೋಟ್ ಈ ಸೂಜಿಯನ್ನು ಒತ್ತಿ ಪೆಟ್ರೋಲ್ ಬರುವ ದಾರಿ ಮುಚ್ಚುತ್ತದೆ. ಬೌಲ್ ಬಿಚ್ಚಿದಾಗ ನೀಡಲ್‌ಗೆ ಸಿಕ್ಕಿಕೊಂಡಿದ್ದ ಕಸ ಅಲುಗಿ ಜಾಗ ಬಿಟ್ಟಿರಬಹುದು, ಅದಕ್ಕೇ ಎರಡು ದಿನ ನಿಂತಿತು ಅನ್ನಿಸುತ್ತದೆ. ಓಡುವಾಗ ಸೋರದಿರುವುದಕ್ಕೂ ಕಾರಣ ಇದೆ. ನೀಡಲ್ ಸಂದಿಯಲ್ಲಿ ನುಸುಳುವ ಪೆಟ್ರೋಲನ್ನು ಇಂಜಿನ್ ಕುಡಿದುಬಿಡುತ್ತದೆ. ನಿಂತಾಗ ಕುಡಿಯುವವರಿಲ್ಲ, ಅಲ್ವಾ? ಬೌಲ್ ತುಂಬಿ ಓವರ್‌ಫ್ಲೋ ಪೈಪಿನಿಂದ ಹೊರಗೆ ಬರುತ್ತದೆ. ಆ ಪೈಪ್ ಕಟ್ಟಿಕೊಂಡಿದ್ದರೆ, ಅಥವಾ ನಿಮ್ಮ ಕಾರ್ಬೊರೇಟರ್‌ಗೆ ಅದು ಇಲ್ಲದಿದ್ದರೆ, ಇಂಜಿನ್ ಒಳಗೆ ಹೋಗುವ ಅಪಾಯ ಜಾಸ್ತಿ.

ಕಾಕ್ ಆಫ್ ಮಾಡಿ ನೀಡಲ್ ತೆಗೆದು ಬೆಳಕಿಗೆ ಹಿಡಿಯಿರಿ. ಚೂಪು ತುದಿಯ ಸುತ್ತ ಕೂದಲೆಳೆಯಷ್ಟು ತೆಳುವಾದ ಉಂಗುರದ ಗೆರೆ ಕಾಣುತ್ತದಾ? ಉಗುರು ಆಡಿಸಿದರೆ ತಡೆಯುತ್ತದಾ? ಹಾಗಿದ್ದರೆ ಅದು ಸವೆದಿದೆ, ಬದಲಾಯಿಸಿ. ಅದು ಕೂರುವ ಹಿತ್ತಾಳೆ ಸೀಟನ್ನು ಸ್ಕ್ರೂಡ್ರೈವರ್‌ನಿಂದ ಕೆರೆಯಬೇಡಿ, ಹತ್ತಿ ಸುತ್ತಿದ ಕಡ್ಡಿ ಸಾಕು. ಆಮೇಲೆ ಫ್ಲೋಟನ್ನು ಕಿವಿಯ ಹತ್ತಿರ ಅಲುಗಾಡಿಸಿ. ಒಳಗೆ ಪೆಟ್ರೋಲ್ ಕುಲುಕುವ ಸದ್ದು ಬಂದರೆ ಅದು ತೂತಾಗಿದೆ, ಮುಳುಗುತ್ತಿದೆ, ನೀಡಲನ್ನು ಮೇಲಕ್ಕೆ ಒತ್ತುವ ಶಕ್ತಿ ಅದಕ್ಕಿಲ್ಲ. ಫ್ಲೋಟ್ ಎತ್ತರ ಎಷ್ಟು ಮಿಲಿಮೀಟರ್ ಅನ್ನುವುದು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ, ಫ್ಲೋಟಿನ ಪಟ್ಟಿಯನ್ನು ಅಂದಾಜಿನ ಮೇಲೆ ಬಗ್ಗಿಸಬೇಡಿ.

ಹೊಸ ನೀಡಲ್ ಹಾಕಿದ ಮೇಲೂ ಸ್ವಲ್ಪ ದಿನಕ್ಕೆ ಮತ್ತೆ ಸೋರಿದರೆ ಟ್ಯಾಂಕ್ ಒಳಗೆ ಬೆಳಕು ಬಿಟ್ಟು ನೋಡಿ. ತಳದಲ್ಲಿ ಕೆಂಪು ತುಕ್ಕು ಇದ್ದರೆ ಅದರ ಪುಡಿಯೇ ನೀಡಲ್ ಕೆಳಗೆ ಕೂರುತ್ತಿದೆ. ಟ್ಯಾಂಕ್ ತೊಳೆಯಿರಿ, ಕಾಕ್‌ನ ಜಾಲರಿ ಶುಚಿ ಮಾಡಿ, ಪೈಪಿಗೆ ಒಂದು ಸಣ್ಣ ಫಿಲ್ಟರ್ ಹಾಕಿ.

ಆಯಿಲ್‌ನಲ್ಲಿ ಪೆಟ್ರೋಲ್ ಸೇರಿದ್ದರೆ ಹೊಸ ಆಯಿಲ್ ಹಾಕುವುದು ಕೊನೆಗೆ. ಕಾಕ್ ಆನ್ ಇಟ್ಟು ಒಂದು ಇಡೀ ರಾತ್ರಿ ಕಳೆದರೂ ನೆಲ ಒಣಗಿರಬೇಕು, ಆಯಿಲ್ ಮಟ್ಟವೂ ಏರಿರಬಾರದು, ಆಮೇಲೆ ಹಳೆಯ ಆಯಿಲ್ ಪೂರ್ತಿ ಇಳಿಸಿ.