ಮುಖಪುಟ ಎಣಿಸುವ ಮೊದಲು ಪ್ರಶ್ನೆ ಸರಿಮಾಡಿಕೊಳ್ಳಿ

ಉಡುಪಿಯಲ್ಲಿ ಪತ್ರಿಕೆಯ ಮುಖಪುಟಕ್ಕೂ ಜನರ ಚಿಂತೆಗೂ ಇರುವ ನಂಟನ್ನು ಅಳೆದು ಬೇರೆ ದೇಶದ ಜೊತೆ ಹೋಲಿಸುವುದು ಹೇಗೆ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ.

ಮೂಲ ಮಾದರಿ 1968ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯದು. ಮಾಧ್ಯಮ ಸಂಶೋಧಕರಾದ ಮೆಕೊಂಬ್ಸ್ ಮತ್ತು ಶಾ, ಅಲ್ಲಿನ ಚಾಪೆಲ್ ಹಿಲ್ ಪಟ್ಟಣದಲ್ಲಿ ಯಾರಿಗೆ ಮತ ಅಂತ ಇನ್ನೂ ನಿರ್ಧರಿಸದ 100 ಮತದಾರರನ್ನು ಮಾತಾಡಿಸಿ, ಅವರು ಮುಖ್ಯವೆಂದ ವಿಷಯಗಳನ್ನು ಮಾಧ್ಯಮಗಳು ಒತ್ತುಕೊಟ್ಟ ವಿಷಯಗಳ ಪಕ್ಕ ಇಟ್ಟರು. ಎರಡೂ ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿದ್ದವು.

ನೀವು ಸಂದರ್ಶನಕ್ಕೆ ಮುಂಚಿನ ನಾಲ್ಕು ವಾರದ ಮುಖಪುಟಗಳನ್ನು ತೆಗೆದುಕೊಂಡು ಯಾವ ವಿಷಯ ಎಷ್ಟು ಸಲ ಬಂತು ಅಂತ ಎಣಿಸಿ, ಆಮೇಲಿನದು ಬೇಡ. ಮಂಗಳೂರು ಆವೃತ್ತಿ, ಉಡುಪಿ ಆವೃತ್ತಿ ಕಲಸಬೇಡಿ. ಉತ್ತರಿಸುವವರ ಮನೆಗೆ ಬರುವುದು ಯಾವುದೋ ಅದೇ ಇರಲಿ. ಪೂರ್ತಿ ಜಾಹೀರಾತು ಹೊದಿಸಿದ ದಿನ ಒಳಗಿನ ಮೊದಲ ಸುದ್ದಿಪುಟ ಎಣಿಸಿ.

ಹೆಚ್ಚಿನವರು ಎಡವುವುದು ಪ್ರಶ್ನೆಯಲ್ಲಿ. ಪಟ್ಟಿ ಕೊಟ್ಟು ಗುರುತು ಹಾಕಿಸಿದರೆ ನಿಮ್ಮ ಪಟ್ಟಿಯೇ ಉತ್ತರವಾಗಿ ಬರುತ್ತದೆ. "ಈಗ ದೇಶದ ಎದುರಿಗಿರುವ ಅತಿ ದೊಡ್ಡ ಸಮಸ್ಯೆ ಯಾವುದು?" ಅಂತ ಪಟ್ಟಿ ಕೊಡದೆ ಮುಕ್ತವಾಗಿ ಕೇಳಿ. ಎರಡೂ ದೇಶಗಳಲ್ಲಿ ಪ್ರಶ್ನೆ ಒಂದೇ ಇರಲಿ; ಒಂದು ಕಡೆ "ದೇಶ", ಇನ್ನೊಂದು ಕಡೆ "ನಿಮ್ಮ ಊರು" ಅಂತ ಕೇಳಿದರೆ ಹೋಲಿಕೆಯೇ ಹಾಳು.

ಪತ್ರಿಕೆಯ ಕ್ರಮ, ಜನರ ಕ್ರಮ ಎಷ್ಟು ಹೊಂದುತ್ತವೆ ಅಂತ ನೋಡಲು ಸ್ಪಿಯರ್‌ಮನ್ ಸಹಸಂಬಂಧ (ಎರಡು ಕ್ರಮಪಟ್ಟಿಗಳ ಹೊಂದಿಕೆಯನ್ನು -1ರಿಂದ 1ರವರೆಗೆ ಅಳೆಯುವ ಸಂಖ್ಯೆ) ಸಾಕು. ಆದರೆ ಐದೇ ವಿಷಯ ಇಟ್ಟುಕೊಂಡರೆ ಪೂರ್ಣ 1 ಬಂದರೆ ಮಾತ್ರ 5% ಮಟ್ಟ (ಅಂದರೆ ಬರೀ ಆಕಸ್ಮಿಕವಾಗಿ ಅಷ್ಟು ಹೊಂದಿಕೆ ಬರುವ ಸಾಧ್ಯತೆ 5%ಕ್ಕಿಂತ ಕಡಿಮೆ) ದಾಟುತ್ತದೆ, ಏಳಕ್ಕೆ 0.786 ಸಾಕು. ಎಂಟು-ಹತ್ತು ವಿಷಯ ಇರಲಿ.

ಇನ್ನೊಂದು: ಉಳ್ಳಾಲದಲ್ಲಿ ಕಡಲು ಅಂಗಳಕ್ಕೆ ನುಗ್ಗುವುದನ್ನು ಕಂಡವರಿಗೆ ಕಡಲ್ಕೊರೆತ ಹೇಳಲು ಪತ್ರಿಕೆ ಬೇಕಿಲ್ಲ. ದೂರದ ಯುದ್ಧ ಮಾತ್ರ ಸುದ್ದಿಯಿಂದಲೇ ಬರುವುದು. ಕಣ್ಣಾರೆ ಕಾಣುವ ವಿಷಯಗಳನ್ನು ಬೇರೆ ಗುಂಪು ಮಾಡಿಯೇ ಲೆಕ್ಕ ಹಾಕಿ.