ಅಡ್ರಿನಲ್‌ನಲ್ಲಿ ಆಕಸ್ಮಿಕವಾಗಿ ಗಡ್ಡೆ ಕಂಡಿದೆ, ನೇರವಾಗಿ ಬಯಾಪ್ಸಿ ಮಾಡಿಸಬಹುದೇ?

ಹೊಟ್ಟೆನೋವಿಗೆ ಮಾಡಿಸಿದ ಸಿಟಿಯಲ್ಲಿ ಎಡ ಅಡ್ರಿನಲ್‌ನಲ್ಲಿ (ಮೂತ್ರಪಿಂಡದ ಮೇಲಿರುವ ಹಾರ್ಮೋನ್ ಗ್ರಂಥಿ) 2.4 ಸೆಂ.ಮೀ. ಗಡ್ಡೆ, ಸಾಂದ್ರತೆ 18 ಎಚ್‌ಯು (ಸಿಟಿಯಲ್ಲಿ ಸಾಂದ್ರತೆ ಅಳೆಯುವ ಮಾನ), ಜೊತೆಗೆ ಬಿಪಿ ಇದೆ ಎಂದಿದ್ದೀರಿ. ಈಗ ಬಯಾಪ್ಸಿ ಖಂಡಿತ ಬೇಡ. ಅದು ಫಿಯೋಕ್ರೊಮೊಸೈಟೋಮಾ (ಅಡ್ರಿನಲಿನ್‌ನಂಥ ಹಾರ್ಮೋನ್ ಸುರಿಸುವ ಗಡ್ಡೆ, ಚುಟುಕಾಗಿ ಫಿಯೋ) ಆಗಿದ್ದರೆ ಸೂಜಿ ತಗುಲಿದೊಡನೆ ಬಿಪಿ ಪ್ರಾಣಕ್ಕೇ ಕುತ್ತು ತರುವಷ್ಟು ಏರಬಹುದು. ಮೊದಲು ತಿಳಿಯಬೇಕಾದದ್ದು ಗಡ್ಡೆ ಹಾರ್ಮೋನ್ ಸುರಿಸುತ್ತಿದೆಯೇ ಎಂಬುದು.

ಆ 18 ಕಾಂಟ್ರಾಸ್ಟ್ (ಸಿಟಿ ವೇಳೆ ರಕ್ತನಾಳಕ್ಕೆ ಚುಚ್ಚುವ ದ್ರವ) ಕೊಡುವ ಮುಂಚಿನ ಅಂಕಿಯೇ ಎಂದು ರಿಪೋರ್ಟ್‌ನಲ್ಲಿ ನೋಡಿ. ನಂತರದ ಅಂಕಿ ಇಲ್ಲಿ ಲೆಕ್ಕಕ್ಕಿಲ್ಲ. ಕಾಂಟ್ರಾಸ್ಟ್ ಇಲ್ಲದೆ 10 ಅಥವಾ ಕಡಿಮೆ ಇದ್ದು, ಗಡ್ಡೆ ಒಂದೇ ಸಮನಾಗಿದ್ದರೆ ಅದು ಕೊಬ್ಬು ತುಂಬಿದ ನಿರುಪದ್ರವಿ ಅಡಿನೋಮಾ. ಆಗ ಫಿಯೋ ಪತ್ತೆಹಚ್ಚುವ ಮೆಟಾನೆಫ್ರಿನ್ ರಕ್ತಪರೀಕ್ಷೆಯನ್ನೂ ಬಿಡಬಹುದು. ನಿಮ್ಮದು 18 ಇರುವುದರಿಂದ ಬಿಡುವಂತಿಲ್ಲ. ರಕ್ತ ಕೊಡುವ ಮುನ್ನ 20–30 ನಿಮಿಷ ಮಲಗಿರಬೇಕು. ಕೂತೇ ಕೊಟ್ಟರೆ ಸುಳ್ಳು ಏರಿಕೆ ಬರುತ್ತದೆ. ಅಮಿಟ್ರಿಪ್ಟಿಲಿನ್, ವೆನ್ಲಾಫ್ಯಾಕ್ಸಿನ್‌ನಂಥ ಮಾತ್ರೆಗಳಿಂದಲೂ ಅಷ್ಟೆ.

ಅಡ್ರಿನಲ್‌ನ ಇನ್ನೊಂದು ಹಾರ್ಮೋನಾದ ಕಾರ್ಟಿಸಾಲ್‌ನ ಪರೀಕ್ಷೆ ಇಂಥ ಗಡ್ಡೆ ಇರುವ ಎಲ್ಲರಿಗೂ ಬೇಕು. ರಾತ್ರಿ 11–12ರೊಳಗೆ 1 ಮಿ.ಗ್ರಾಂ. ಡೆಕ್ಸಾಮೆಥಸೋನ್ (ಸಹಜವಾಗಿ ಕಾರ್ಟಿಸಾಲನ್ನು ತಗ್ಗಿಸುವ ಸ್ಟಿರಾಯ್ಡ್ ಮಾತ್ರೆ) ನುಂಗಿ, ಬೆಳಗ್ಗೆ 8–9ಕ್ಕೆ ರಕ್ತ ಕೊಡಿ. 1.8 ಮೈಕ್ರೊಗ್ರಾಂ/ಡೆ.ಲೀ. ಅಥವಾ ಕಡಿಮೆ ಬಂದರೆ ಸಹಜ. ಅದಕ್ಕಿಂತ ಹೆಚ್ಚಿದ್ದರೆ ಗಾಬರಿಯಾಗುವ ಮೊದಲು ಮಾತ್ರೆಗಳ ಪಟ್ಟಿ ತೆಗೆಯಿರಿ: ಈಸ್ಟ್ರೋಜನ್ ಇರುವ ಗರ್ಭನಿರೋಧಕ ಗುಳಿಗೆ ಕಾರ್ಟಿಸಾಲನ್ನು ಹಿಡಿದಿಡುವ ಪ್ರೋಟೀನನ್ನು ಹೆಚ್ಚಿಸುತ್ತದೆ; ಫೆನಿಟಾಯಿನ್, ರಿಫಾಂಪಿಸಿನ್ ಡೆಕ್ಸಾಮೆಥಸೋನನ್ನೇ ಬೇಗ ಕರಗಿಸಿಬಿಡುತ್ತವೆ. ರಾತ್ರಿ ಪಾಳಿಯವರಲ್ಲೂ ಈ ಪರೀಕ್ಷೆ ಎಡವುತ್ತದೆ.

ಬಿಪಿ ಇರುವುದರಿಂದ ಅಲ್ಡೋಸ್ಟಿರೋನ್ (ಉಪ್ಪನ್ನು ಹಿಡಿದಿಟ್ಟು ಬಿಪಿ ಏರಿಸುವ ಅಡ್ರಿನಲ್ ಹಾರ್ಮೋನ್) ಮತ್ತು ರೆನಿನ್ (ಅದನ್ನು ನಿಯಂತ್ರಿಸುವ, ಮೂತ್ರಪಿಂಡದ ವಸ್ತು) ಇವುಗಳ ಅನುಪಾತವೂ ಬೇಕು. ನನ್ನ ಪ್ರಕಾರ ಹೆಚ್ಚು ಕೆಡುವುದು ಇದೇ ಪರೀಕ್ಷೆ, ಪೊಟ್ಯಾಸಿಯಂ ನೋಡದೆ ಮಾಡಿಸುವುದರಿಂದ. ಅದು ಕಡಿಮೆಯಿದ್ದರೆ ಅಲ್ಡೋಸ್ಟಿರೋನ್ ತಗ್ಗಿ ರೋಗವೇ ಮರೆಯಾಗಬಹುದು, ಮೊದಲು ಸರಿಪಡಿಸಿಕೊಳ್ಳಿ. ಅಲ್ಡೋಸ್ಟಿರೋನನ್ನು ತಡೆಯುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸಾಮಾನ್ಯವಾಗಿ 4 ವಾರ ನಿಲ್ಲಿಸಿ ಪರೀಕ್ಷಿಸುತ್ತಾರೆ, ಆದರೆ ವೈದ್ಯರು ಬದಲಿ ಮಾತ್ರೆ ಕೊಟ್ಟ ಮೇಲೆಯೇ. ಅಲ್ಡೋಸ್ಟಿರೋನ್ ಹೆಚ್ಚೆಂದು ದೃಢಪಟ್ಟರೂ ಸಿಟಿಯಲ್ಲಿ ಕಂಡ ಗಡ್ಡೆಯೇ ಕಾರಣ ಎನ್ನಲಾಗದು. ಹಾಗಾಗಿ ಆಪರೇಷನ್‌ಗೆ ಮುನ್ನ ಹೆಚ್ಚಿನವರಲ್ಲಿ ಎರಡೂ ಅಡ್ರಿನಲ್‌ಗಳ ರಕ್ತನಾಳದಿಂದ ಮಾದರಿ ತೆಗೆದು ಹೋಲಿಸುತ್ತಾರೆ.

ಫಿಯೋ ಎಂದೇ ಖಚಿತವಾದರೆ ಆಪರೇಷನ್‌ಗೆ 7–14 ದಿನ ಮೊದಲೇ ಆಲ್ಫಾ ಬ್ಲಾಕರ್ (ರಕ್ತನಾಳ ಸಡಿಲಿಸುವ ಮಾತ್ರೆ) ಶುರುವಾಗಬೇಕು, ಜೊತೆಗೆ ನೀರು, ಉಪ್ಪು ಹೆಚ್ಚಿಸಬೇಕು. ಎದೆಬಡಿತ ತಗ್ಗಿಸಲು ಬೀಟಾ ಬ್ಲಾಕರನ್ನೇ ಮೊದಲು ಕೊಟ್ಟರೆ ರಕ್ತನಾಳಗಳು ಇನ್ನಷ್ಟು ಬಿಗಿದು ಬಿಪಿ ಜಿಗಿಯುತ್ತದೆ. ಕಾರ್ಟಿಸಾಲ್ ಗಡ್ಡೆಯಲ್ಲಿ ಅಪಾಯ ಆಪರೇಷನ್ ಆದ ಮೇಲೆ: ಇನ್ನೊಂದು ಬದಿಯ ಗ್ರಂಥಿ ಮಂಕಾಗಿರುವುದರಿಂದ, ಅದು ಚೇತರಿಸಿಕೊಳ್ಳುವವರೆಗೆ ಹೈಡ್ರೊಕಾರ್ಟಿಸೋನ್ ಬೇಕಾಗುತ್ತದೆ. ಅದನ್ನು ಥಟ್ಟನೆ ನಿಲ್ಲಿಸಬಾರದು.