ಹಿಂದಿನ ವಾರ ಬಿಡುವ ಹುಡುಗ

(ಗುರುತು ಸಿಗದಿರಲೆಂದು ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹುಡುಗನೂ ಅವನ ತಾಯಿಯೂ ಓದಿ ಒಪ್ಪಿದ್ದಾರೆ.)

ತಾಯಿ ಬಂದಾಗ ಕೈಯಲ್ಲೊಂದು ನೋಟ್‌ಬುಕ್ ಇತ್ತು. ಅದರ ಕೊನೆಯ ಪುಟದಲ್ಲಿ ಮಗ ಸೇರಿ ಬಿಟ್ಟ ಕ್ಲಾಸುಗಳ ಪಟ್ಟಿ, ಪಕ್ಕದಲ್ಲಿ ಕಟ್ಟಿದ ಫೀಸು. ಅಬಾಕಸ್, ಕೀಬೋರ್ಡ್, ಕರಾಟೆ, ಚೆಸ್, ಡ್ರಾಯಿಂಗ್, ಕ್ರಿಕೆಟ್ ಕೋಚಿಂಗ್. ಕ್ರಿಕೆಟ್‌ನ ಎದುರು ಬ್ಯಾಟು, ಪ್ಯಾಡು, ಹೆಲ್ಮೆಟ್ಟಿನ ಖರ್ಚನ್ನು ಬೇರೆಯಾಗಿ ಬರೆದಿದ್ದರು.

"ಎಂತ ಮಾಡುವುದು ಮೇಡಂ, ಇವನು ಯಾವುದರಲ್ಲೂ ನಿಲ್ಲುವುದಿಲ್ಲ. ನಾಳೆ ಎಸ್ಸೆಸ್ಸೆಲ್ಸಿಯನ್ನೂ ಹೀಗೇ ಬಿಟ್ಟರೆ?"

ಹುಡುಗ ಒಂಬತ್ತನೇ ತರಗತಿ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವನು. ತಂದೆ ಅಲ್ಲೇ ಒಂದು ದರ್ಶಿನಿ ನಡೆಸುತ್ತಾರೆ. ಕುಂದಾಪುರ ಕಡೆಯ ಎಷ್ಟೋ ಮನೆಗಳ ಹಾಗೆ ಇವರ ಮನೆಯ ಅನ್ನವೂ ಬೆಂಗಳೂರಿನ ಹೋಟೆಲಿನದೇ. ಅಜ್ಜಿಗೆ ಹುಷಾರಿಲ್ಲದೆ ಆದಾಗ ತಾಯಿ ಮಗ ಊರಿಗೆ ಬಂದರು, ತಂದೆ ಅಲ್ಲೇ ಉಳಿದರು. ಅದಾಗಿ ಒಂದು ವರ್ಷ. ಆಪ್ತ ಸಲಹೆಗಾರ್ತಿಯಾಗಿ ನಾನು ವಾರಕ್ಕೊಮ್ಮೆ ಹೋಗುವ ಶಾಲೆಗಳಲ್ಲಿ ಅವನದೂ ಒಂದು.

ಮೊದಲ ಭೇಟಿಯಲ್ಲಿ ಅವನು ಎರಡೇ ಮಾತಾಡಿದ. "ಗೊತ್ತಿಲ್ಲ ಮ್ಯಾಮ್." "ಬೋರ್ ಆಯ್ತು, ಬಿಟ್ಬಿಟ್ಟೆ."

ಇಂಥ ಪ್ರಕರಣದಲ್ಲಿ ಮೊದಲು ಕೇಳಲೇಬೇಕಾದ ಪ್ರಶ್ನೆಗಳಿವೆ. ನಿದ್ದೆ, ಊಟ, ಯಾರಾದರೂ ಹೊಡೆಯುತ್ತಾರಾ, ಮೈಮುಟ್ಟಿದ್ದಾರಾ, ಸಾಯಬೇಕು ಅನ್ನಿಸುತ್ತದಾ. ಕೊನೆಯದನ್ನು ಕೇಳಲು ಹೊಸಬರು ಅಂಜುತ್ತಾರೆ. ಕೇಳಿದರೆ ಆ ಯೋಚನೆ ನಾವೇ ತುಂಬಿದಂತಾಗುವುದಿಲ್ಲ, ಕೇಳದಿದ್ದರೆ ಮಾತ್ರ ಅದು ನಮ್ಮ ಕಣ್ಣಿಗೆ ತಪ್ಪುತ್ತದೆ. ಇವನಲ್ಲಿ ಅಂಥದ್ದೇನೂ ಇರಲಿಲ್ಲ. (ಇದ್ದಿದ್ದರೆ ದಾರಿಯೇ ಬೇರೆ. ಹತ್ತಿರದಲ್ಲಿ ಯಾರೂ ಸಿಗದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.)

ಇನ್ನು ನನ್ನ ತಪ್ಪಿನ ಭಾಗ. ಶಿಸ್ತಿನ ಕೊರತೆ ಎಂದುಕೊಂಡು ನಾನು ಒಂದು ವೇಳಾಪಟ್ಟಿ ಮಾಡಿಕೊಟ್ಟೆ. ಡ್ರಾಯಿಂಗ್‌ಗೆ ವಾಪಸ್ ಹೋಗುವುದು, ವಾರಕ್ಕೆ ಮೂರು ದಿನ, ಹೋದ ದಿನಕ್ಕೊಂದು ಟಿಕ್. ಮೂರನೇ ವಾರಕ್ಕೆ ಹುಡುಗನಿಗೆ ಹೊಟ್ಟೆನೋವು ಶುರುವಾಯಿತು. ಮಕ್ಕಳ ಡಾಕ್ಟರು ನೋಡಿ, ದೇಹದಲ್ಲಿ ಏನೂ ಇಲ್ಲ ಎಂದರು. ನೋವು ಸುಳ್ಳಾಗಿರಲಿಲ್ಲ, ನನ್ನ ವೇಳಾಪಟ್ಟಿಯೇ ಅದಕ್ಕೆ ಕಾರಣವಾಗಿತ್ತು. ಅವನ ಎದುರೇ ಆ ಹಾಳೆ ಹರಿದು ಹಾಕಿದೆ. ಆಗ ಮೊದಲ ಸಲ ಮುಖ ಎತ್ತಿ ನೋಡಿದ.

ಮುಂದಿನ ಭೇಟಿಯಲ್ಲಿ ತಾಯಿಯ ನೋಟ್‌ಬುಕ್ ತೆರೆದು, "ಯಾಕೆ ಬಿಟ್ಟೆ" ಎಂದು ಕೇಳುವುದನ್ನು ನಿಲ್ಲಿಸಿ "ಯಾವಾಗ ಬಿಟ್ಟೆ" ಎಂದು ಕೇಳಿದೆ. ಅದಕ್ಕೆ ಅವನಲ್ಲಿ ಉತ್ತರವಿತ್ತು. ಕೀಬೋರ್ಡ್ ಬಿಟ್ಟದ್ದು ವಾರ್ಷಿಕೋತ್ಸವಕ್ಕೆ ಮುಂಚೆ. ಕರಾಟೆ, ಹಳದಿ ಬೆಲ್ಟಿನ ಪರೀಕ್ಷೆಗೆ ನಾಲ್ಕು ದಿನ ಇರುವಾಗ. ಡ್ರಾಯಿಂಗ್, ಲೋವರ್ ಗ್ರೇಡ್ ಪರೀಕ್ಷೆಯ ಫಾರ್ಮ್ ತುಂಬಿದ ಮೇಲೆ. ಕ್ರಿಕೆಟ್, ಮೊದಲ ಮ್ಯಾಚಿನ ಹಿಂದಿನ ಭಾನುವಾರ. ಬಿಡುವ ಮಾತನ್ನು ಅವನಾಗಿ ಯಾವ ಗುರುವಿಗೂ ಹೇಳಿರಲಿಲ್ಲ. ಪ್ರತಿ ಸಲವೂ ಅಮ್ಮನೇ ಫೋನ್ ಮಾಡಿ, "ಅವನಿಗೆ ಜ್ವರ, ಇನ್ನು ಬರುವುದಿಲ್ಲ" ಎನ್ನುತ್ತಿದ್ದರು.

ಬೋರ್ ಆದವನು ಯಾವಾಗ ಬೇಕಾದರೂ ಬಿಡುತ್ತಾನೆ. ಇವನು ಬಿಟ್ಟದ್ದೆಲ್ಲ ನಾಲ್ಕು ಜನರ ಕಣ್ಣೆದುರು ನಿಲ್ಲಬೇಕಾದ ದಿನದ ಹೊಸ್ತಿಲಲ್ಲಿ. ಬಿಟ್ಟ ರಾತ್ರಿ ಎದೆ ಹಗುರಾಗುತ್ತದೆ. ಆ ಹಗುರವೇ ಬಹುಮಾನ, ಮುಂದಿನ ಸಲ ಬಿಡುವುದು ಇನ್ನೂ ಸಲೀಸು. ಭಯ ಮಾತ್ರ ಇದ್ದಲ್ಲೇ ಇರುತ್ತದೆ, ಯಾಕೆಂದರೆ ಅದು ಪರೀಕ್ಷೆಗೆ ಒಳಗಾಗಲೇ ಇಲ್ಲ. ತಾಯಿಗೆ ಇದನ್ನು ಹೇಳುವಾಗ ನೋಟ್‌ಬುಕ್ಕಿನ ಅಂಚಿಗೆ ತಾರೀಕುಗಳನ್ನು ಬರೆದು ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ಫೀಸಿನ ಬದಲು ಇದನ್ನು ಬರೆದಿಡಬೇಕಿತ್ತು" ಎಂದರು.

ಊರಿಗೆ ಬಂದ ಮೇಲೆ ಇದಕ್ಕೆ ಇನ್ನೊಂದು ಪದರ ಸೇರಿತ್ತು. ಇಲ್ಲಿನ ಮಕ್ಕಳು "ನಾ ಬತ್ತೆ" ಎನ್ನುವಲ್ಲಿ ಅವನು "ಬರ್ತೀನಿ" ಎನ್ನುತ್ತಿದ್ದ. ಮೊದಲ ವಾರವೇ ಅವನ ಹೆಸರು 'ಬರ್ತೀನಿ' ಆಗಿಹೋಯಿತು. ಇಲ್ಲಿಯ ಮಾತು ಆಡಲು ಹೋದರೆ ಅದಕ್ಕೂ ನಗು. ಕೊನೆಗೆ ತರಗತಿಯಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟ. ಅವನ ಬಿಡುವ ಪಟ್ಟಿಗೆ ಇದೂ ಸೇರಬೇಕಿತ್ತು, ತಾಯಿಗೆ ಗೊತ್ತಿರಲಿಲ್ಲ ಅಷ್ಟೆ. ತರಗತಿಯ ಟೀಚರ್‌ಗೆ ನಾನು ಹೇಳಿದ್ದು ಇಷ್ಟು: ಪ್ರಾರ್ಥನೆಯ ಹೊತ್ತಿನಲ್ಲಿ ಬುದ್ಧಿವಾದ ಬೇಡ, ಅದು ಇವನನ್ನೇ ಬೆಟ್ಟು ಮಾಡಿ ತೋರಿಸಿದಂತೆ. ಅಣಕಿಸುವ ಇಬ್ಬರನ್ನು ಬೇರೆಯಾಗಿ ಕರೆದು ಮಾತಾಡಿ, ಮತ್ತೆ ಗಮನ ಇಡಿ. ಅವರು ಹಾಗೇ ಮಾಡಿದರು.

ಹುಡುಗನ ಜೊತೆ ಒಂದು ಒಪ್ಪಂದ ಮಾಡಿಕೊಂಡೆ. ಏನು ಬೇಕಾದರೂ ಆರಿಸು, ಬಿಡುವ ಹಕ್ಕು ಪೂರ್ತಿ ನಿನ್ನದು. ಒಂದೇ ಷರತ್ತು: ಜನರೆದುರು ನಿಲ್ಲುವ ದಿನದ ಮುಂಚೆ ಬಿಡುವಂತಿಲ್ಲ, ಅದರ ಮಾರನೇ ದಿನ ಬಿಡಬಹುದು. ಬಿಡುವಾಗ ಅಮ್ಮ ಫೋನ್ ಮಾಡುವುದಿಲ್ಲ, ನೀನೇ ಹೋಗಿ ಹೇಳಬೇಕು. ಅವನು ವಕೀಲನಂತೆ ಕೇಳಿದ, "ಮಾರನೇ ದಿನ ಬಿಟ್ರೆ ಯಾರೂ ಏನೂ ಅನ್ನಲ್ವಾ?" ಇಲ್ಲ ಎಂದೆ. ತಾಯಿಯಿಂದಲೂ ಮಾತು ತೆಗೆದುಕೊಂಡೆ.

ಅವನು ಆರಿಸಿದ್ದು ಖೋ ಖೋ. ಕಾರಣ ಕೇಳಿದರೆ, "ಅದಕ್ಕೆ ಏನೂ ಕೊಳ್ಳಬೇಕಾಗಿಲ್ಲ" ಎಂದ. ಆ ನೋಟ್‌ಬುಕ್ಕಿನ ಭಾರ ಅವನ ಮೇಲೂ ಇತ್ತೆಂದು ಆಗ ತಿಳಿಯಿತು.

ಖೋ ಖೋ ನಾನು ಸೂಚಿಸಿದ್ದಲ್ಲ. ಆದರೆ ಈ ಹುಡುಗನಿಗೆಂದೇ ಯಾರೋ ಹೊಲಿದ ಅಂಗಿಯಂತಿತ್ತು ಆ ಆಟ. ಬೆನ್ನಟ್ಟುವ ತಂಡದ ಎಂಟು ಮಂದಿ ಸಾಲಿನಲ್ಲಿ ಒಬ್ಬರು ಆಚೆ ಮುಖ, ಒಬ್ಬರು ಈಚೆ ಮುಖ ಮಾಡಿ ಕೂತಿರುತ್ತಾರೆ, ಒಂಬತ್ತನೆಯವನು ಓಡುತ್ತಾನೆ. ಖೋ ಸಿಗುವ ತನಕ ಏಳುವಂತಿಲ್ಲ, ಸಿಕ್ಕ ಮೇಲೆ ಕೂತಿರುವಂತಿಲ್ಲ. ಒಂದು ದಿಕ್ಕಿಗೆ ಹೆಜ್ಜೆ ಇಟ್ಟ ಮೇಲೆ ಕಂಬದ ಗೆರೆ ದಾಟುವ ತನಕ ಹಿಂದಿರುಗುವಂತಿಲ್ಲ. ಎಲ್ಲವನ್ನೂ ಹತ್ತು ಸಲ ಯೋಚಿಸಿ ಹಿಂದೆ ಸರಿಯುವ ಮಗುವಿಗೆ ಆ ಯೋಚನೆಗೆ ಸಮಯವನ್ನೇ ಕೊಡದ ಆಟ ಇದು. ಇನ್ನೊಂದು ಸಂಗತಿ: ಎದುರಾಳಿ ಕೈಗೆ ಸಿಗುವುದಿಲ್ಲ ಎನ್ನಿಸಿದರೆ ಕೂತವನ ಬೆನ್ನು ತಟ್ಟಿ ಖೋ ಕೊಟ್ಟು ಅವನ ಜಾಗದಲ್ಲಿ ಕೂರಬಹುದು. ಇಲ್ಲಿ ಬಿಡುವುದು ಸೋಲಲ್ಲ, ಇನ್ನೊಬ್ಬನಿಗೆ ದಾಟಿಸುವುದು. ಇದನ್ನು ಅವನಿಗೆ ನಾನು ವಿವರಿಸಲು ಹೋಗಲಿಲ್ಲ. ಆಟವೇ ಹೇಳುವಾಗ ಸಲಹೆಗಾರ್ತಿ ಬಾಯಿ ಹಾಕಬಾರದು.

ಜೂನ್, ಜುಲೈ ಇಲ್ಲಿ ಮೈದಾನವೆಂದರೆ ಕೆಂಪು ಕೆಸರು. ಅಭ್ಯಾಸ ಶಾಲೆಯ ಜಗಲಿಯಲ್ಲಿ, ಸೀಮೆಸುಣ್ಣದ ಗೆರೆ ಎಳೆದುಕೊಂಡು. ಪೀಟಿ ಮಾಸ್ಟ್ರು ಹದಿನೈದು ದಿನ ನೋಡಿ ನನ್ನನ್ನು ಕರೆದರು. "ಕಾಲು ಉಂಟು ಮೇಡಂ, ಬಾಯಿ ಇಲ್ಲ." ಬೆನ್ನು ಮುಟ್ಟುವುದೂ 'ಖೋ' ಎನ್ನುವುದೂ ಒಟ್ಟಿಗೇ ಆಗಬೇಕು, ಗಟ್ಟಿಯಾಗಿ ಕೇಳಬೇಕು, ಇಲ್ಲದಿದ್ದರೆ ಫೌಲ್. ಇವನ ಖೋ ಗಂಟಲಲ್ಲೇ ಉಳಿಯುತ್ತಿತ್ತು. ಮಾಸ್ಟ್ರಿಗೆ ನನ್ನ ವಿನಂತಿ ಎರಡು. ಒಂದು, ರಿಯಾಯಿತಿ ಬೇಡ, ಎಲ್ಲರಿಗೂ ಹಾಕುವ ಫೌಲ್ ಅವನಿಗೂ ಹಾಕಿ. ಎರಡು, ಅವನೇ ಕೇಳುವ ತನಕ ಮ್ಯಾಚಿಗೆ ಇಳಿಸಬೇಡಿ. ಮಾಸ್ಟ್ರು ಮೂರನೆಯದನ್ನು ತಾವೇ ಸೇರಿಸಿದರು: ಮಳೆ ಜೋರಾಗಿ ಹೆಂಚಿನ ಮೇಲೆ ಬೀಳುವಾಗ ಎಲ್ಲರಿಂದ ಖೋ ಕೂಗಿಸುವುದು. ಆ ಸದ್ದಿನಲ್ಲಿ ಯಾರ ದನಿ ಯಾರದೆಂದು ಗೊತ್ತಾಗುವುದಿಲ್ಲ. ನನ್ನ ಇಷ್ಟು ವರ್ಷದ ತರಬೇತಿಯಲ್ಲಿ ಯಾರೂ ಕಲಿಸದ ಉಪಾಯ ಅದು.

ತಂದೆಯ ಜೊತೆ ಮಾತಾಡಿದ್ದು ಫೋನಿನಲ್ಲಿ, ಹೋಟೆಲ್ ಬಾಗಿಲು ಹಾಕಿದ ಮೇಲೆ. "ಖೋ ಖೋ ಆಡಿ ಎಂತ ಆಗುವುದುಂಟು?" ಎಂದರು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಆಯಿತು, ನಮ್ಮ ಪುರುಷರ ತಂಡವೂ ಮಹಿಳೆಯರ ತಂಡವೂ ಫೈನಲ್‌ನಲ್ಲಿ ನೇಪಾಳವನ್ನು ಸೋಲಿಸಿದವು ಎಂದೆ. ಹೇಳಬಾರದಿತ್ತು. ಮಾರನೇ ವಾರ ಮಗನಿಗೆ ಫೋನ್ ಮಾಡಿ, "ಸ್ಟೇಟ್ ಲೆವೆಲ್‌ಗೆ ಎಷ್ಟು ವರ್ಷ ಬೇಕು?" ಎಂದು ಕೇಳಿದ್ದಾರೆ. ಹುಡುಗ ಮೂರು ದಿನ ಅಭ್ಯಾಸಕ್ಕೆ ಹೋಗಲಿಲ್ಲ.

ಮತ್ತೆ ಫೋನ್ ಮಾಡಿ ತಂದೆಗೆ ಕೊಟ್ಟ ಸಲಹೆ: ಮಗನ ಆಟದ ಸುದ್ದಿಯನ್ನು ಅವನೇ ಎತ್ತುವ ತನಕ ಕೇಳಬೇಡಿ. ನಿಮ್ಮ ಸುದ್ದಿ ಹೇಳಿ. ಹೋಟೆಲಿಗೆ ಸೇರಿದ ಮೊದಲ ತಿಂಗಳು ಏನೇನು ಹಾಳು ಮಾಡಿದಿರಿ, ಅದು. ಅವರು ನಕ್ಕರು. ಹದಿನಾರನೇ ವಯಸ್ಸಿಗೆ ಟೇಬಲ್ ಒರೆಸಲು ಸೇರಿದವರು ಗಿರಾಕಿಯ ಬಿಳಿ ಪಂಚೆಯ ಮೇಲೆ ಇಡೀ ಬಟ್ಟಲು ಸಾಂಬಾರು ಚೆಲ್ಲಿದ ಕಥೆಯನ್ನು ಮಗನಿಗೆ ಅಲ್ಲಿಯವರೆಗೆ ಹೇಳಿರಲಿಲ್ಲ. ಹೇಳಿದ ಮೇಲೆ ಮಗ ಎರಡು ಸಲ ಹೇಳಿಸಿಕೊಂಡನಂತೆ.

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲೇ ಬರೆದರು: 'ಇದು ನನ್ನಿಂದಾಗುತ್ತದೆ' ಎಂಬ ನಂಬಿಕೆ ಎಲ್ಲಕ್ಕಿಂತ ಗಟ್ಟಿಯಾಗಿ ಬರುವುದು ಸ್ವತಃ ಮಾಡಿ ದಾಟಿದ ಅನುಭವದಿಂದ. ನಮ್ಮಂಥವರು ಮಾಡುವುದನ್ನು ಕಂಡು ಬರುವುದೂ ಉಂಟು. ಬರೀ ಹೊಗಳಿಕೆಯಿಂದ ಬಂದದ್ದು ಬೇಗ ಕರಗುತ್ತದೆ. ಮನೆಯವರು "ನೀನು ಜಾಣ" ಎಂದು ವರ್ಷಗಟ್ಟಲೆ ಹೇಳಿಯೂ ಇವನಿಗೆ ಮುಟ್ಟದೆ ಇದ್ದುದಕ್ಕೆ ಕಾರಣ ಅದು. ಸಾಂಬಾರಿನ ಕಥೆ ಮುಟ್ಟಿತು.

ಆಗಸ್ಟ್ ನಡುವೆ ಇನ್ನೊಂದು ಸೇರಿತು. ಯಕ್ಷಗಾನ ಮೇಳಗಳ, ಅಂದರೆ ತಂಡಗಳ, ತಿರುಗಾಟ ನವೆಂಬರಿನಿಂದ ಮೇ ತನಕ. ಮಳೆಗಾಲದಲ್ಲಿ ಬಿಡುವಿರುವ ಕಲಾವಿದರು ಶಾಲೆಗಳಲ್ಲಿ ಯಕ್ಷಗಾನ ಹೇಳಿಕೊಡುತ್ತಾರೆ. ಖೋ ಖೋ ತಂಡದ ಗೆಳೆಯ ಒಬ್ಬನೇ ಹೋಗಲು ನಾಚಿ ಇವನನ್ನು ಎಳೆದುಕೊಂಡು ಹೋದ. ತಾಯಿಗೆ ಆತಂಕ, "ಇದು ಏಳನೆಯದಾ ಎಂಟನೆಯದಾ?" ಎಂದರು. ಎಣಿಸಬೇಡಿ ಎಂದೆ. ಹದಿಮೂರು ಹದಿನಾಲ್ಕರಲ್ಲಿ ಹತ್ತು ಬಾಗಿಲು ತಟ್ಟುವುದು ರೋಗವಲ್ಲ. ಓಡಿಹೋಗುವ ಅಭ್ಯಾಸವನ್ನಷ್ಟೇ ನಾವು ನೋಡಬೇಕಾದ್ದು.

ಅವನ ಹೆಜ್ಜೆ ಚೆನ್ನಾಗಿರಲಿಲ್ಲ, ಏಕತಾಳಕ್ಕೇ ತಡವರಿಸುತ್ತಿದ್ದ. ಆದರೆ ಅಲ್ಲಿ ಅವನಿಗೆ ಸಿಕ್ಕಿದ್ದನ್ನು ನಾನು ಯೋಜಿಸಿ ಕೊಡಲು ಸಾಧ್ಯವಿರಲಿಲ್ಲ. ಯಕ್ಷಗಾನದ ಮಾತು ಕುಂದಾಪುರದ್ದೂ ಅಲ್ಲ, ಬೆಂಗಳೂರಿನದೂ ಅಲ್ಲ. ಅಲ್ಲಿ ಯಾರೂ "ಬತ್ತೆ" ಎನ್ನುವಂತಿಲ್ಲ, "ಬರ್ತೀನಿ" ಎನ್ನುವಂತಿಲ್ಲ. ಎಲ್ಲರೂ "ಬಂದಿದ್ದೇನೆ" ಎಂದು ತುಂಬು ಬಾಯಲ್ಲಿ ಹೇಳಬೇಕು, ಇಂಗ್ಲಿಷ್ ಪದ ಬಂದರೆ ಗುರುಗಳು ನಿಲ್ಲಿಸುತ್ತಾರೆ. ಅಣಕಿಸುತ್ತಿದ್ದ ಇಬ್ಬರಲ್ಲಿ ಒಬ್ಬನೂ ಅದೇ ಕ್ಲಾಸಿನಲ್ಲಿದ್ದ, ಅವನಿಗೂ ಆ ಭಾಷೆ ಹೊಸದು, ಅವನ ನಾಲಿಗೆಯೂ ತೊಡರುತ್ತಿತ್ತು. "ಅವ್ನೂ ತಪ್ಪು ಹೇಳ್ತಾನೆ ಮ್ಯಾಮ್," ಎಂದು ಹುಡುಗ ಹೇಳಿದಾಗ ಅವನ ಮುಖದಲ್ಲಿ ಸೇಡಿನ ಖುಷಿಯೇನೂ ಇರಲಿಲ್ಲ, ಆಶ್ಚರ್ಯವಿತ್ತು.

ಸೆಪ್ಟೆಂಬರಿನಲ್ಲಿ ತಾಲೂಕು ಮಟ್ಟದ ಕ್ರೀಡಾಕೂಟ. ಹಿಂದಿನ ಗುರುವಾರ ಹೊಟ್ಟೆನೋವು ಹಾಜರು. ತಾಯಿ ಫೋನ್ ಮಾಡಿದರು. ಕಷಾಯ ಕೊಡಿ, ಮಲಗಿಸಿ, "ಹೋಗು" ಎಂದೂ ಹೇಳಬೇಡಿ, "ಬೇಡ ಬಿಡು" ಎಂದೂ ಹೇಳಬೇಡಿ, ಒಪ್ಪಂದದ ಚೀಟಿ ಅವನ ಪುಸ್ತಕದಲ್ಲೇ ಇದೆ ಎಂದೆ. ಆ ರಾತ್ರಿ ನನಗೂ ನಿದ್ದೆ ಸರಿಯಾಗಿ ಬರಲಿಲ್ಲ. ಬೆಳಿಗ್ಗೆ ಹುಡುಗ ತಂಡದ ವ್ಯಾನಿನಲ್ಲಿದ್ದ. ಮೊದಲ ಪಂದ್ಯ ಪೂರ್ತಿ ಹೊರಗೆ ಕೂತ. ಎರಡನೆಯದರಲ್ಲಿ ಒಬ್ಬನ ಕಾಲು ಉಳುಕಿದಾಗ ಮಾಸ್ಟ್ರ ಹತ್ತಿರ ಹೋಗಿ, "ನಾನು ಹೋಗ್ಲಾ ಸರ್?" ಎಂದನಂತೆ. ಒಂದು ಫೌಲ್ ಮಾಡಿದ, ಒಬ್ಬನನ್ನು ಔಟ್ ಮಾಡಿದ. ತಂಡ ಸೋತಿತು. ಅದರ ಮಾರನೇ ದಿನ ಅವನು ಬಿಡಬಹುದಿತ್ತು. ಬಿಡಲಿಲ್ಲ. ಅದರ ಬಗ್ಗೆ ನಾನು ಕೇಳಲೂ ಇಲ್ಲ.

ಅಂಕಗಳ ವಿಷಯ ಓದುಗರು ಕೇಳಿಯೇ ಕೇಳುತ್ತಾರೆ. ಹೆಚ್ಚೇನೂ ಏರಿಲ್ಲ, ಇಳಿದೂ ಇಲ್ಲ. ತರಗತಿಯಲ್ಲಿ ಎದ್ದು ಪ್ರಶ್ನೆ ಕೇಳಿದ್ದಾನೆ ಎಂದು ವಿಜ್ಞಾನದ ಟೀಚರ್ ಹೇಳಿದರು, ನನಗೆ ಅಷ್ಟು ಸಾಕು. 'ಬರ್ತೀನಿ' ಎಂಬ ಹೆಸರೂ ಪೂರ್ತಿ ಹೋಗಿಲ್ಲ. ಬೇಜಾರಾಗುತ್ತದಾ ಎಂದು ಕೇಳಿದೆ. "ಕ್ಲಾಸಲ್ಲಿ ಕರೆದ್ರೆ ಆಗುತ್ತೆ, ಗ್ರೌಂಡಲ್ಲಿ ಕರೆದ್ರೆ ಇಲ್ಲ" ಎಂದ.

ನವೆಂಬರ್ 1ಕ್ಕೆ ಶಾಲೆಯ ರಾಜ್ಯೋತ್ಸವದಲ್ಲಿ ಯಕ್ಷಗಾನ. ದೇವೇಂದ್ರನ ಒಡ್ಡೋಲಗದಲ್ಲಿ (ಸಭೆಯ ಪ್ರವೇಶದ ದೃಶ್ಯ) ಇವನು ವಾಯು, ನಾಲ್ಕು ಸಾಲು ಮಾತು. ತಂದೆ ರಾತ್ರಿ ಬಸ್ಸಿನಲ್ಲಿ ಬಂದು ಕೊನೆಯ ಸಾಲಿನಲ್ಲಿ ನಿಂತಿದ್ದರು. ಮೂರನೇ ಸಾಲು ಮರೆತುಹೋಯಿತು. ಒಂದು ಗಳಿಗೆ ಸುಮ್ಮನಿದ್ದು, ನಾಲ್ಕನೆಯದನ್ನು ಹೇಳಿ ಮುಗಿಸಿದ.

ಮಾರನೇ ದಿನ ಒಪ್ಪಂದದ ಚೀಟಿ ಹಿಡಿದುಕೊಂಡು ನನ್ನಲ್ಲಿಗೆ ಬಂದ. ಯಕ್ಷಗಾನ ಬಿಡುತ್ತೇನೆ, ನೋಡಲು ಇಷ್ಟ, ಕುಣಿಯಲು ಅಲ್ಲ ಎಂದ. ತಾಯಿಗೆ ಪಿಚ್ಚೆನಿಸಿತು, ಆದರೆ ಕೊಟ್ಟ ಮಾತಿಗೆ ತಪ್ಪಲಿಲ್ಲ, ಫೋನ್ ಎತ್ತಿಕೊಳ್ಳಲಿಲ್ಲ. ಅವನೇ ಸೈಕಲ್ಲಿನಲ್ಲಿ ಗುರುಗಳ ಮನೆಗೆ ಹೋಗಿ, ಅಭ್ಯಾಸಕ್ಕೆ ಕೊಟ್ಟಿದ್ದ ಗೆಜ್ಜೆ ವಾಪಸು ಕೊಟ್ಟು, ಕಾರಣ ಹೇಳಿದ. ಗುರುಗಳು ಮೇಳಕ್ಕೆ ಹೊರಡಲು ಪೆಟ್ಟಿಗೆ ಕಟ್ಟುತ್ತಿದ್ದರಂತೆ.

"ಏನಂದ್ರು?" ಎಂದು ಕೇಳಿದೆ.

"ಬರೋ ವರ್ಷ ತೆರೆ ಹಿಡಿಯೋಕೆ ಒಬ್ಬ ಬೇಕು ಅಂದ್ರು."

"ನೀನೇನಂದೆ?"

"ಬರ್ತೀನಿ ಅಂದೆ."